ಉಪ್ಪಜ್ಜನ ಭುಗಿಲು

ಚಿಕ್ಕಂದಿನಲ್ಲಿ ಯಾರಾದರೂ "ನಿಮ್ಮಪ್ಪ ಏನು ಕೆಲಸ ಮಾಡ್ತಾರೆ?" ಎಂದು ಕೇಳಿದರೆ "ಆಕಾಶ ನೋಡ್ತಾರೆ" ಎನ್ನುತ್ತಿದ್ದೆ. ಓದು ಮುಗಿಸಿ ಅವರ ಸಂಸ್ಥೆಗೇ ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು, ಅವರ ಅಸಲು ಕೆಲಸ ಸುಳ್ಳು ಹೇಳುವುದು ಎಂದು. ರಾಜಕಾರಣಿಗಳನ್ನು ಬಿಟ್ಟರೆ ಸುಳ್ಳಿನಿಂದಲೇ ಇಷ್ಟು ಮರ್ಯಾದೆ ಗಳಿಸಿದವರನ್ನು ನಾನು ಬೇರೆ ಕಂಡಿಲ್ಲ.

ಬಿಡಿಸಿಯೇ ಹೇಳುತ್ತೇನೆ. ನಮ್ಮ ಗ್ಯಾಲಕ್ಸಿಯ ನಟ್ಟನಡುವೆ ಒಂದು ದೈತ್ಯ ಕಪ್ಪುಕುಳಿ ಇದೆ. ಲಕ್ಷಾಂತರ ಸೂರ್ಯರನ್ನು ಒಟ್ಟಿಗೆ ತೂಗಿದಷ್ಟು ಭಾರ. ಅದು ಸಾಮಾನ್ಯವಾಗಿ ತನ್ನ ಪಾಡಿಗೆ ತಾನು ತೆಪ್ಪಗಿರುತ್ತದೆ. ಒಮ್ಮೊಮ್ಮೆ ಮಾತ್ರ ಅದರ ಸುತ್ತ ಸುತ್ತುವ ಅನಿಲ ಇದ್ದಕ್ಕಿದ್ದಂತೆ ಕಾದು ಭುಗಿಲೇಳುತ್ತದೆ. ಆಗ ಮೊದಲು ಎಕ್ಸ್-ರೇ ಮಿನುಗು. ಸ್ವಲ್ಪ ಹೊತ್ತಿನ ಮೇಲೆ, ಆ ಬಿಸಿ ಮೋಡ ಹಿಗ್ಗಿ ತೆಳುವಾಗುತ್ತಾ ಬಂದ ಹಾಗೆ, ರೇಡಿಯೋ ಅಲೆಗಳ ಹೊಳಪು. ಕೆನ್ನೆಗೆ ಬಿದ್ದ ಏಟು ಎಕ್ಸ್-ರೇ, ಆಮೇಲೆ ನಿಧಾನವಾಗಿ ಎದ್ದು ಕಾಣುವ ಬಾಸುಂಡೆ ರೇಡಿಯೋ ಎಂದುಕೊಳ್ಳಿ. ಈ ಬಾಸುಂಡೆ ಆ ಏಟಿನದ್ದೇ ಹೌದೋ ಅಲ್ಲವೋ ಎಂದು ಇಡೀ ಲೋಕದ ಖಗೋಳದವರು ಕಿತ್ತಾಡುತ್ತಾರೆ. ಆ ಕಿತ್ತಾಟದಲ್ಲೇ ನಮ್ಮ ಮನೆಯ ಮೂವರ ಅನ್ನ ಹುಟ್ಟುತ್ತಿತ್ತು. ಉಪಗ್ರಹದಿಂದ ಬರುವ ಎಕ್ಸ್-ರೇ ನನ್ನ ಪಾಲು. ಊರಾಚೆಯ ಬಯಲಿನಲ್ಲಿ ಮುಗಿಲಿಗೆ ಮುಖ ಮಾಡಿ ನಿಂತ ದೊಡ್ಡ ತಟ್ಟೆಗಳು, ಅವು ಹಿಡಿಯುವ ರೇಡಿಯೋ, ಅಪ್ಪ ಮತ್ತು ನನ್ನ ಗಂಡನ ಪಾಲು.

ರೇಡಿಯೋದಲ್ಲಿ ಗದ್ದಲವೇ ಹೆಚ್ಚು. ಮೋಡ ಹಾದರೂ ಗೆರೆಯಲ್ಲಿ ಒಂದು ಉಬ್ಬು, ಯಾರೋ ಮೊಬೈಲ್ ಹಿಡಿದು ಬೇಲಿ ದಾಟಿದರೂ ಉಬ್ಬು. ಬೇಕೆಂದು ಹಂಬಲಿಸುವವರ ಕಣ್ಣಿಗಂತೂ ಎಲ್ಲೆಲ್ಲೂ ಉಬ್ಬೇ. ಅದಕ್ಕಾಗಿ ಅಪ್ಪ ಒಂದು ಪದ್ಧತಿ ತಂದರು. ದತ್ತಾಂಶ ನಮ್ಮ ಕೈಗೆ ಬರುವ ಮೊದಲೇ ಅವರು ಅದರೊಳಗೆ ತಾವೇ ತಯಾರಿಸಿದ ನಕಲಿ ಭುಗಿಲನ್ನು ಅಲ್ಲೊಂದು ಇಲ್ಲೊಂದು ಸೇರಿಸಿಬಿಡುತ್ತಿದ್ದರು. ಎಲ್ಲಿ, ಎಷ್ಟು ಎಂದು ಬೇರೆ ಯಾರಿಗೂ ಗೊತ್ತಿಲ್ಲ. ಕೆಲವು ಸಲ ಒಂದೂ ಇರುತ್ತಿರಲಿಲ್ಲ. ಇದಕ್ಕೆ ನಮ್ಮಲ್ಲಿ ಉಪ್ಪು ಹಾಕುವುದು ಎನ್ನುತ್ತಿದ್ದರು. ವಿದ್ಯಾರ್ಥಿಗಳು ಅಪ್ಪನಿಗೆ ಇಟ್ಟ ಹೆಸರೇ ಉಪ್ಪಜ್ಜ. ಯಾರಾದರೂ ಒಂದು ಭುಗಿಲನ್ನು ಹಿಡಿದು, ಲೆಕ್ಕವೆಲ್ಲ ಮುಗಿಸಿ, ಪ್ರಬಂಧ ಬರೆದು, ಇನ್ನು ಪತ್ರಿಕೆಗೆ ಕಳಿಸುವುದೊಂದೇ ಬಾಕಿ ಎನ್ನುವಾಗ ಎಲ್ಲರೂ ಸಭೆ ಸೇರಬೇಕು. ಅಪ್ಪ ಎದ್ದು ನಿಂತು ಒಂದೇ ಒಂದು ಮಾತು ಹೇಳುತ್ತಿದ್ದರು. 'ಉಪ್ಪು' ಎಂದರೆ ಅದು ಅವರ ಕೈಚಳಕ; ತಿಂಗಳುಗಟ್ಟಲೆ ಮೈಮುರಿದು ದುಡಿದವರು ಮುಖ ಇಳಿಬಿಟ್ಟುಕೊಂಡು ಎದ್ದುಹೋಗಬೇಕು. 'ಸಪ್ಪೆ' ಎಂದರೆ ಆಕಾಶದ್ದು, ಅಪ್ಪಟ. ಸಪ್ಪೆ ಎನಿಸಿಕೊಂಡು ಕುಣಿದಾಡುವ ಜನ ಲೋಕದಲ್ಲಿ ನಾವೊಬ್ಬರೇ ಇರಬೇಕು.

ಮೊದಮೊದಲು ಉಪ್ಪಿನ ವಿವರವನ್ನು ಅಪ್ಪ ಕಂಪ್ಯೂಟರಿನಲ್ಲಿ ಬೀಗ ಹಾಕಿ ಇಡುತ್ತಿದ್ದರು. ಯಾರೋ ಒಬ್ಬ ಜಾಣ ಆ ಬೀಗ ಒಡೆದು ನೋಡಿದ. ಅಪ್ಪ ಕೆಂಡಾಮಂಡಲವಾದರು. ಅಂದಿನಿಂದ ಎಲ್ಲೂ ಬರೆದಿಡುವುದನ್ನೇ ಬಿಟ್ಟರು. ಉಪ್ಪು ಬೆರೆಸಿದ ಪ್ರತಿ ತಯಾರಾದ ಕೂಡಲೇ ಕಚ್ಚಾ ದತ್ತಾಂಶವನ್ನೂ ಅಳಿಸಿಬಿಡುತ್ತಿದ್ದರು. ಅಷ್ಟನ್ನೂ ತುಂಬಿಟ್ಟುಕೊಳ್ಳಲು ನಮ್ಮ ಡಿಸ್ಕುಗಳಲ್ಲಿ ಜಾಗವೂ ಇರಲಿಲ್ಲವೆನ್ನಿ. "ತಲೆಗಿಂತ ಭದ್ರವಾದ ಪೆಟ್ಟಿಗೆ ಎಲ್ಲಿದೆ ತೋರಿಸಿ" ಎಂದು ಸಭೆಯಲ್ಲಿ ಕೇಳಿದ್ದರಂತೆ. ಅವರ ನೆನಪಿನ ಶಕ್ತಿ ಅಂಥದ್ದು, ಯಾರೂ ತುಟಿ ಬಿಚ್ಚಲಿಲ್ಲ. ಅಷ್ಟು ಜನ ಓದಿದವರು ಸೇರಿದ್ದ ಕೋಣೆಯಲ್ಲಿ, ಮನುಷ್ಯನ ತಲೆಯೊಳಗೆ ಒಂದು ರಕ್ತನಾಳ ಕಟ್ಟಿಕೊಳ್ಳಬಹುದು ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಆ ಸಲ ಉಪಗ್ರಹವೂ ತಟ್ಟೆಗಳೂ ಒಂದೇ ಹೊತ್ತಿನಲ್ಲಿ ಕಪ್ಪುಕುಳಿಯನ್ನು ನೋಡುವುದೆಂದು ವರ್ಷದ ಹಿಂದೆಯೇ ಗೊತ್ತಾಗಿತ್ತು. ನನ್ನ ಎಕ್ಸ್-ರೇಯಲ್ಲಿ ಭುಗಿಲೆದ್ದಿತು. ಅಂಥಿಂಥದ್ದಲ್ಲ, ನಾನು ಈ ಕೆಲಸಕ್ಕೆ ಬಂದ ಮೇಲೆ ಕಂಡಿದ್ದರಲ್ಲೆಲ್ಲ ದೊಡ್ಡದು. ಉಪಗ್ರಹದವರು ಅಂದೇ ಅದನ್ನು ಜಗತ್ತಿಗೆಲ್ಲ ಸಾರಿದರು. ಹಾಗಾಗಿ ಅಪ್ಪನಿಗೂ ಅದು ಗೊತ್ತಿತ್ತು. ಗೊತ್ತಾದ ಮೇಲೆಯೇ ಅವರು ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ರೇಡಿಯೋದ ಪ್ರತಿ ತಯಾರಿಸಿ ನನ್ನ ಗಂಡನ ಕೈಗೆ ಕೊಟ್ಟರು. ಕೊಟ್ಟ ವಾರದಲ್ಲೇ ಬಚ್ಚಲಿನಲ್ಲಿ ಕುಸಿದು ಬಿದ್ದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಸುಮ್ಮನೆ ಕೂತಿರಲಾಗದೆ ನನ್ನ ಗಂಡ ಲ್ಯಾಪ್‌ಟಾಪ್ ತೆರೆದು ಆ ಪ್ರತಿಯನ್ನು ನೋಡತೊಡಗಿದ್ದ. ಅವನಿಗೆ ಕಳವಳವಾದಾಗಲೆಲ್ಲ ಲೆಕ್ಕ ಮಾಡುವ ಚಾಳಿ. ಅಲ್ಲೇ ಅದು ಕಣ್ಣಿಗೆ ಬಿದ್ದಿತು. ಅಪ್ಪನ ಪ್ರಾಣಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳುವವರೆಗೂ ಅವನು ಆ ವಿಷಯ ಬಾಯಿ ಬಿಡಲಿಲ್ಲ. ಅದಕ್ಕಾಗಿ ಇವತ್ತಿಗೂ ಅವನ ಮೇಲೆ ನನಗೆ ಗೌರವವಿದೆ.

ಮನೆಗೆ ಬಂದ ಮೇಲೆ ತೋರಿಸಿದ. ಎಕ್ಸ್-ರೇ ಏಟು ಬಿದ್ದು, ತಕ್ಕಷ್ಟು ಹೊತ್ತು ಕಳೆದು, ರೇಡಿಯೋ ಹೊಳಪು ಮೆಲ್ಲಗೆ ಮೇಲೇರಿತ್ತು. ಮೊದಲು ಎತ್ತರದ ಕಂಪನಾಂಕದಲ್ಲಿ, ಆಮೇಲೆ ತಗ್ಗಿನದರಲ್ಲಿ, ಪುಸ್ತಕದಲ್ಲಿ ಬರೆದಿಟ್ಟ ಹಾಗೆ. ಇಷ್ಟು ಚೊಕ್ಕವಾಗಿ ಇವೆರಡನ್ನು ಜೊತೆಯಾಗಿ ಯಾರೂ ಹಿಡಿದಿರಲಿಲ್ಲ. ನನ್ನ ಕಣ್ಣು ತುಂಬಿತು. ಮರುಕ್ಷಣವೇ ಇನ್ನೊಂದು ಹೊಳೆಯಿತು. ಆಕಾಶ ಪುಸ್ತಕ ಓದಿರುವುದಿಲ್ಲ, ಅಪ್ಪ ಓದಿದ್ದಾರೆ.

"ಉಪ್ಪಿರಬಹುದಲ್ಲ?" ಎಂದೆ.

"ಇರಬಹುದು" ಎಂದ. "ಮಾವ ಸರಿಹೋಗಲಿ, ಕೇಳೋಣ."

ಬೇರೆ ದೇಶಗಳ ತಟ್ಟೆಗಳವರಿಗೆ ಬರೆದು ವಿಚಾರಿಸಿದೆವು. ಆ ಹೊತ್ತಿನಲ್ಲಿ ಕೆಲವರಿಗೆ ಗ್ಯಾಲಕ್ಸಿಯ ನಡು ದಿಗಂತದ ಕೆಳಗಿತ್ತು, ಉಳಿದವರು ಬೇರೆಲ್ಲೋ ನೋಡುತ್ತಿದ್ದರು. ಅಂಥ ಭುಗಿಲು ಮತ್ತೆ ಯಾವಾಗ ಏಳುತ್ತದೋ ದೇವರಿಗೇ ಗೊತ್ತು. ಅದು ಉಪ್ಪೋ ಸಪ್ಪೆಯೋ ಹೇಳಬಲ್ಲವರು ಭೂಮಿಯ ಮೇಲೆ ಒಬ್ಬರೇ ಇದ್ದರು. ಅವರನ್ನು ನಾವು ಬಲಗೈ ಬಲಗಾಲು ಸೋತ ಸ್ಥಿತಿಯಲ್ಲಿ ಗಾಲಿಕುರ್ಚಿಯ ಮೇಲೆ ಕೂರಿಸಿ ಮನೆಗೆ ಕರೆತಂದೆವು. ಮಾತೆಲ್ಲ ಹೋಗಿ ಒಂದೇ ಒಂದು ಪದ ಉಳಿದಿತ್ತು. ಹೌದು.

ಹಸಿವಾಯಿತಾ ಎಂದರೂ ಹೌದು, ಹೊಟ್ಟೆ ತುಂಬಿತಾ ಎಂದರೂ ಹೌದು. ಕಿಟಕಿ ತೆಗೆಯಲಾ, ಹೌದು. ಮುಚ್ಚಲಾ, ಹೌದು. ಸಿಟ್ಟಿನಲ್ಲಿ ಎಡಗೈಯಿಂದ ಊಟದ ತಟ್ಟೆ ತಳ್ಳುವಾಗಲೂ ಬಾಯಲ್ಲಿ ಹೌದು, ಹೌದು. ಜೀವನವಿಡೀ ನಮಗೆಲ್ಲ ಇಲ್ಲ ಎಂದವರ ಬಾಯಲ್ಲಿ ದೇವರು ಹೌದನ್ನೇ ಉಳಿಸಿದನಲ್ಲ ಎಂದು ನನ್ನ ಗಂಡ ತಮಾಷೆ ಮಾಡಿದ. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ.

ಅಮ್ಮನ ದಾರಿಯೇ ಬೇರೆ. ಅವಳು ಒಂದೊಂದು ಹೌದಿನಿಂದಲೂ ಇಡೀ ಕತೆಯನ್ನೇ ಓದುತ್ತಿದ್ದಳು. "ನೋಡಿದ್ಯಾ, ಸಾರಿಗೆ ಖಾರ ಜಾಸ್ತಿ ಆಯ್ತು ಅಂತಿದಾರೆ." "ನಿನ್ನ ಗಂಡ ಸೊರಗಿದಾನೆ ಅಂತ ಬೇಜಾರು ಮಾಡ್ಕೋತಿದಾರೆ." ಅಪ್ಪ ಆಡದ ಮಾತನ್ನೆಲ್ಲ ಅವಳು ಆಡುತ್ತಿದ್ದಳು. ನಿಜ ಹೇಳಬೇಕೆಂದರೆ, ಅಪ್ಪ ಸರಿಯಿದ್ದಾಗ ಅವರಿಬ್ಬರ ನಡುವೆ ಇಷ್ಟು ಮಾತುಕತೆ ನಡೆದದ್ದನ್ನು ನಾನು ಕಂಡಿರಲಿಲ್ಲ. ಅಮ್ಮ ಆ ದಿನಗಳಲ್ಲಿ ಒಂದು ಥರ ಸುಖವಾಗಿದ್ದಳು ಎಂದರೆ ತಪ್ಪಾಗಲಾರದು.

ಮಾತು ಕಲಿಸಲು ಬರುತ್ತಿದ್ದ ಹೆಂಗಸು ಮಾತ್ರ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ ಮೆಲ್ಲಗೆ ಹೇಳಿದರು. "ಅದು ಉತ್ತರ ಅಂತ ತಿಳ್ಕೋಬೇಡಿ. ಬಾಯಿಗೆ ಆ ಒಂದು ಪದ ಸಿಕ್ಕಿದೆ, ಅಷ್ಟೇ. ನಾವು ಹೇಳಿದ್ದರಲ್ಲಿ ಎಷ್ಟು ಅರ್ಥ ಆಗ್ತಿದೆ, ಹಳೇದು ಎಷ್ಟು ನೆನಪಿದೆ, ಯಾರಿಗೂ ಹೇಳಕ್ಕಾಗಲ್ಲ." ಇದನ್ನು ನಾನು ಅಮ್ಮನಿಗೆ ಹೇಳಲಿಲ್ಲ. ಗಂಡನಿಗೆ ಹೇಳಿದೆ, ಅವನು ಕೇಳಿಸಿಕೊಂಡ ಹಾಗೆ ಮಾಡಿದ.

ಅವನನ್ನು ದೂರಿ ಪ್ರಯೋಜನವಿಲ್ಲ. ವರ್ಷಾವರ್ಷ ಗುತ್ತಿಗೆ ನವೀಕರಿಸುವ ಕೆಲಸದಲ್ಲೇ ಅವನ ತಲೆಕೂದಲು ಬೆಳ್ಳಗಾಗಿತ್ತು. ಉಪ್ಪಜ್ಜನ ಅಳಿಯ ಎಂಬ ಬಿರುದು ಬೇರೆ. ಚೆನ್ನಾಗಿ ಮಾಡಿದರೆ ಮಾವನ ಕೃಪೆ, ಕೆಟ್ಟರೆ ಮಾವನಿಗೆ ಅವಮಾನ. ಸಂಸ್ಥೆಯಲ್ಲಿ ಕಾಯಂ ಹುದ್ದೆಯೊಂದು ತೆರವಾಗಿತ್ತು. ಈ ಭುಗಿಲು ಸಪ್ಪೆಯಾದರೆ ಆ ಹುದ್ದೆ ಅವನದು, ಯಾರೂ ಬೆರಳು ತೋರಿಸುವಂತಿಲ್ಲ. ಉಪ್ಪಾದರೆ ಅವನು ಗಂಟುಮೂಟೆ ಕಟ್ಟಬೇಕು. ಆ ವರ್ಷಕ್ಕೆ ಅವನ ನವೀಕರಣವೂ ಮುಗಿಯುತ್ತಿತ್ತು.

ಒಂದು ಮಧ್ಯಾಹ್ನ ನಾನು ಆಫೀಸಿನಲ್ಲಿದ್ದೆ. ನನ್ನ ಕೋಣೆಯ ಎ.ಸಿ. ಸೋರುತ್ತಿತ್ತು, ಕೆಳಗೆ ಬಕೆಟ್ ಇಟ್ಟಿದ್ದೆ. ಗಂಡ ಓಡಿ ಬಂದವನು ಆ ಬಕೆಟ್ಟನ್ನು ಎಡವಿ, ನೀರೆಲ್ಲ ಚೆಲ್ಲಿ, ಅದನ್ನು ಗಮನಿಸದೆ ನನ್ನ ಎರಡೂ ಕೈ ಹಿಡಿದುಕೊಂಡ.

"ಮಾವ ಹೇಳಿದ್ರು! ಸಪ್ಪೆ ಅಂತ!"

"ಸಪ್ಪೆ ಅಂದ್ರಾ?"

"ನಾನು ಸಪ್ಪೆನಾ ಅಂತ ಕೇಳಿದೆ. ಹೌದು ಅಂದ್ರು. ಸುಮ್ನೆ ಅಂದಿದ್ದಲ್ಲ ಕಣೇ. ಚಿತ್ರ ತೋರಿಸ್ದೆ, ಕಣ್ಣಲ್ಲಿ ನೀರು ಬಂತು ಅವರಿಗೆ. ಅತ್ತೆನೂ ಅಲ್ಲೇ ಇದ್ರು, ಅವರನ್ನೇ ಕೇಳು."

ನಾನು ನೆಲ ಒರೆಸುವ ಬಟ್ಟೆ ಹುಡುಕತೊಡಗಿದೆ. ಅವನ ಮುಖ ಎಷ್ಟೋ ವರ್ಷಗಳಿಂದ ಹಾಗೆ ಅರಳಿರಲಿಲ್ಲ.

ಸಂಜೆ ಮನೆಗೆ ಹೋದವಳೇ ಅಪ್ಪನ ಎದುರು ಕುಳಿತೆ. "ಅಪ್ಪ, ಅದು ಉಪ್ಪಾ?" ಎಂದು ಕೇಳಿದೆ. ಅವರು ನನ್ನ ಮುಖವನ್ನೇ ದಿಟ್ಟಿಸಿ ನೋಡಿದರು. "ಹೌದು" ಎಂದರು.

ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ "ದನಿ ಬೇರೆ ಇತ್ತು. ನನಗೆ ಹೇಳಿದ ಹೌದೇ ಬೇರೆ" ಎಂದ.

"ಅಯ್ಯೋ, ನೀನು ಕೇಳಿದ ರೀತಿ ನೋಡಿ ಅವರಿಗೆ ಸಿಟ್ಟು ಬಂತು. ಪೊಲೀಸರ ಥರ ಕೇಳಿದ್ರೆ?" ಎಂದಳು ಅಮ್ಮ.

ಅಷ್ಟು ಹೊತ್ತಿಗೆ ವಿಷಯ ನಿರ್ದೇಶಕರ ಕಿವಿಗೆ ಬಿದ್ದಾಗಿತ್ತು. ನಮ್ಮ ನಿರ್ದೇಶಕರು ಅಪ್ಪನ ಮೊಟ್ಟಮೊದಲ ಶಿಷ್ಯ. ಬೋಳುತಲೆ, ಭಾರೀ ಶರೀರ, ಎದುರಿಗೆ ಬಂದರೆ ಎಂಥವರೂ ಬದಿಗೆ ಸರಿಯುತ್ತಾರೆ. ಅಪ್ಪನ ಎದುರು ಮಾತ್ರ ಇವತ್ತಿಗೂ ಕುರ್ಚಿಯ ಅಂಚಿನಲ್ಲಿ ಕೂರುತ್ತಾರೆ. ಅವರು ವಿದ್ಯಾರ್ಥಿಯಾಗಿದ್ದಾಗ ಅಪ್ಪ ಅವರ ದತ್ತಾಂಶದಲ್ಲಿ ಎರಡು ಗೂನಿನ ಒಂದು ವಿಚಿತ್ರ ಭುಗಿಲನ್ನು ಇಟ್ಟಿದ್ದರಂತೆ. ಅವರು ಅದರ ಮೇಲೆ ವರ್ಷವಿಡೀ ಹೆಣಗಿ ಹೊಸ ಸಿದ್ಧಾಂತವನ್ನೇ ಕಟ್ಟಿದರಂತೆ. ಸಭೆಯಲ್ಲಿ ಅಪ್ಪ 'ಉಪ್ಪು' ಎಂದಾಗ ಅಲ್ಲೇ ಕುಸಿದು ಕುಳಿತರಂತೆ. ಆ ಎರಡು ಗೂನಿನ ಚಿತ್ರ ಸಂಸ್ಥೆಯ ಹೊಸಬರಿಗೆಲ್ಲ ಮೊದಲ ಪಾಠ. ನಿರ್ದೇಶಕರೇ ಅದನ್ನು ತೋರಿಸಿ, ತಮ್ಮನ್ನು ತಾವೇ ಗೇಲಿ ಮಾಡಿಕೊಂಡು ಎಲ್ಲರನ್ನೂ ನಗಿಸುತ್ತಾರೆ.

"ಸರ್ ಬಾಯಿಂದ ಬಂದ ಮಾತು ಸಾಕು ನಮಗೆ" ಎಂದು ಅವರು ಫೋನಿನಲ್ಲಿ ಹೇಳಿದರು. "ಸಭೆಯ ಬದಲು ನಾನೇ ಭಾನುವಾರ ಮನೆಗೆ ಬರ್ತೀನಿ. ಸರ್ ಹೌದು ಅಂದ್ರೆ ಸೋಮವಾರ ಪ್ರಬಂಧ ಕಳಿಸೋಣ. ಹುದ್ದೆ ವಿಚಾರಾನೂ ಅಲ್ಲಿಗೆ ಇತ್ಯರ್ಥ."

ಅಪ್ಪ ಹೌದು ಎನ್ನದೆ ಇನ್ನೇನು ಎನ್ನಬಲ್ಲರು? ಆ ಭಾರೀ ಮನುಷ್ಯನಿಗೆ ಅಷ್ಟೂ ತಿಳಿಯದೆ? ತಿಳಿದಿತ್ತು ಎಂದೇ ನನ್ನ ಅನುಮಾನ. ಪ್ರೀತಿಯಿದ್ದ ಕಡೆ ಜನ ಬೇಕೆಂದೇ ಒಂದು ಕಣ್ಣು ಮುಚ್ಚಿಕೊಳ್ಳುತ್ತಾರೆ. ಉಪ್ಪಜ್ಜನ ಮಾತು ಇನ್ನೂ ನಡೆಯುತ್ತದೆ ಎಂದು ಒಮ್ಮೆ ತೋರಿಸಿ, ಗುರುವಿಗೊಂದು ಮರ್ಯಾದೆ, ಅಳಿಯನಿಗೊಂದು ಬದುಕು ಕೊಟ್ಟು ಕೈತೊಳೆದುಕೊಳ್ಳುವುದು ಅವರ ಮನಸ್ಸಿನಲ್ಲಿತ್ತು. ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ, ಅದೇ ನನಗೆ ಹೆಚ್ಚು ಹಿಂಸೆಯಾಯಿತು.

ಶನಿವಾರ ಅಡುಗೆಮನೆಯಲ್ಲಿ ಗಂಡ ಅಪ್ಪನಿಗೆಂದು ಕಿತ್ತಳೆ ಬಿಡಿಸುತ್ತಿದ್ದ. ತೊಳೆಗಳ ಮೇಲಿನ ನಾರನ್ನು ಎಳೆ ಎಳೆಯಾಗಿ ತೆಗೆಯುವುದು, ಬೀಜ ತೆಗೆಯುವುದು, ಗಂಟಲಿಗೆ ಸಿಕ್ಕಿಕೊಳ್ಳದ ಹಾಗೆ ಸಣ್ಣಗೆ ಹೆಚ್ಚುವುದು, ಎಲ್ಲ ಅವನೇ. ಸ್ವಂತ ಮಗಳಾಗಿ ನನಗೇ ಅಷ್ಟು ತಾಳ್ಮೆ ಇಲ್ಲ.

"ನಾಳೆ ನೀನು ಸುಮ್ನೆ ಇರ್ತೀಯ ತಾನೆ?" ಎಂದ, ಹಣ್ಣಿನಿಂದ ಕಣ್ಣೆತ್ತದೆ.

"ಎಕ್ಸ್-ರೇ ನನ್ನದು. ಪ್ರಬಂಧದಲ್ಲಿ ನನ್ನ ಹೆಸರೂ ಇರುತ್ತೆ. ಸುಮ್ನೆ ಹ್ಯಾಗಿರಲಿ?"

"ಉಪ್ಪು ಅಂತ ನಿನಗೆ ಗೊತ್ತಾ?"

"ಇಲ್ಲ."

"ಸಪ್ಪೆ ಅಲ್ಲ ಅಂತ ಗೊತ್ತಾ?"

"ಇಲ್ಲ ಮಾರಾಯ. ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ನಾನು ಹೇಳ್ತಿರೋದೂ ಅದೇ."

"ಮಾವನಿಗೆ ಗೊತ್ತು."

"ಅವರಿಗೆ ತಾವು ಊಟ ಮಾಡಿದ್ದು ಗೊತ್ತಿರಲ್ಲ!"

ಅವನು ಚಾಕು ಕೆಳಗಿಟ್ಟ. "ಹಾಗಾದ್ರೆ ಹೋಗಿ ಹೇಳು. ನಮ್ಮಪ್ಪನಿಗೆ ಬುದ್ಧಿ ಹೋಗಿದೆ, ಅವರ ಮಾತಿಗೆ ಬೆಲೆ ಇಲ್ಲ ಅಂತ ನಿರ್ದೇಶಕರ ಮುಂದೆ ಹೇಳು. ಅತ್ತೆ ಮುಂದೆ ಹೇಳು. ಮಾವನ ಮುಂದೇನೇ ಹೇಳು. ಹೇಳ್ತೀಯಾ?"

ಹಾಲ್‌ನಲ್ಲಿ ಅಮ್ಮ ಅಪ್ಪನಿಗೆ ಪೇಪರ್ ಓದಿ ಹೇಳುತ್ತಿದ್ದಳು. ನಡುನಡುವೆ ಅಪ್ಪನ ಹೌದು, ಅದಕ್ಕೆ ಅಮ್ಮನ "ನಾನೂ ಅದೇ ಅಂದ್ಕೊಂಡೆ". ಸುಮ್ಮನಿದ್ದುಬಿಟ್ಟರೆ ಈ ಮನೆಯಲ್ಲಿ ಎಲ್ಲವೂ ಉಳಿಯುತ್ತದೆ ಎಂದು ನನಗೆ ಸ್ಪಷ್ಟವಾಗಿ ಕಂಡಿತು. ಗಂಡನ ಕೆಲಸ, ಅಮ್ಮನ ಮಾತುಕತೆ, ಅಪ್ಪನ ಹೆಸರು. ಹೋಗುವುದು ಒಂದೇ. ಆ ಭುಗಿಲು ನಿಜವೋ ಅಲ್ಲವೋ ಗೊತ್ತಿಲ್ಲದೆ ನಿಜವೆಂದು ಹೇಳಿದಂತಾಗುತ್ತದೆ. ಅಪ್ಪ ಇಡೀ ಆಯುಷ್ಯ ಕಾವಲು ಕಾದದ್ದು ಆ ಒಂದರ ವಿರುದ್ಧವೇ. ಅವರ ಬಾಯಿಂದಲೇ ಅದನ್ನು ಹೇಳಿಸಿಬಿಡುವುದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ಭಾನುವಾರ ಬೆಳಗ್ಗೆ ಅಮ್ಮ ಅಪ್ಪನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿದಳು. ಬಲಗೈಯನ್ನು ತೋಳಿನೊಳಗೆ ತೂರಿಸುವಾಗ ಮಗುವಿಗೆ ಹೇಳುವ ಹಾಗೆ ಏನೇನೋ ಹೇಳುತ್ತಿದ್ದಳು. ತಲೆ ಬಾಚಿ, ಕನ್ನಡಕ ಒರೆಸಿ ಹಾಕಿದಳು. ಅಪ್ಪ ಹಳೆಯ ಅಪ್ಪನ ಹಾಗೆಯೇ ಕಂಡರು. ಕಿಟಕಿಯಿಂದ ಬಿಸಿಲು ಬಿದ್ದು ಕೆನ್ನೆ ಕೆಂಪಗಾಗಿತ್ತು.

ನಿರ್ದೇಶಕರು ಬಂದು ಎಂದಿನಂತೆ ಕುರ್ಚಿಯ ಅಂಚಿನಲ್ಲಿ ಕುಳಿತರು. "ಸರ್, ಹೇಗಿದೀರಿ? ನಿದ್ದೆ ಚೆನ್ನಾಗಿ ಬರ್ತಿದೆಯಾ ಸರ್? ನಮ್ಮ ಮೂರನೇ ತಟ್ಟೆ ಮತ್ತೆ ಕೈಕೊಟ್ಟಿದೆ ಸರ್, ನೀವಿಲ್ಲದೆ ಯಾರ ಮಾತೂ ಕೇಳಲ್ಲ ಅದು" ಎಂದು ನೇರವಾಗಿ ಅಪ್ಪನ ಕಣ್ಣು ನೋಡುತ್ತಲೇ ಮಾತಾಡಿದರು. ಅಪ್ಪ ಒಂದೊಂದಕ್ಕೂ ಹೌದು ಎಂದರು. ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ, ಗೊತ್ತಿಲ್ಲದವರು ನೋಡಿದ್ದರೆ ಇಬ್ಬರು ಹಳೆಯ ಸ್ನೇಹಿತರು ಹರಟುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು.

ಗಂಡ ಲ್ಯಾಪ್‌ಟಾಪನ್ನು ಟಿ.ವಿ.ಗೆ ಜೋಡಿಸಿ ಭುಗಿಲಿನ ಚಿತ್ರ ತೆರೆದ. ನಾವು ಅಪ್ಪನ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ತಳ್ಳಿದೆವು. ಮೇಲೆ ನನ್ನ ಎಕ್ಸ್-ರೇ, ಚೂಪಾಗಿ ಎದ್ದು ಬಿದ್ದ ಗೆರೆ. ಕೆಳಗೆ ರೇಡಿಯೋ, ಒಂದರ ಹಿಂದೊಂದು ನಿಧಾನವಾಗಿ ಏರಿದ ಗೆರೆಗಳು.

ಅಪ್ಪ ಮುಂದಕ್ಕೆ ಬಾಗಿದರು. ಬಾಯಿ ಸ್ವಲ್ಪ ತೆರೆಯಿತು. ಎಡಗೈಯನ್ನು ಎತ್ತಿ ಎಕ್ಸ್-ರೇ ತುದಿಯ ಮೇಲೆ ಬೆರಳಿಟ್ಟು, ಅಲ್ಲಿಂದ ಕೆಳಗಿಳಿದು ರೇಡಿಯೋ ಉಬ್ಬಿನ ಮೇಲೆ ಮೆಲ್ಲಗೆ ಸವರಿದರು. ಕಣ್ಣಲ್ಲಿ ನೀರು ತುಂಬಿಕೊಂಡಿತು. "ಹೌದು" ಎಂದರು. ಮತ್ತೆ ನಮ್ಮೆಲ್ಲರ ಕಡೆ ತಿರುಗಿ, ನಗುತ್ತಾ, "ಹೌದು! ಹೌದು!" ಎಂದರು.

ಅದು ಬರೀ ಬಾಯಿಗೆ ಸಿಕ್ಕ ಪದವಾಗಿರಲಿಲ್ಲ. ನನ್ನ ಗಂಡ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು "ನೋಡಿದ್ರಾ, ಹೇಗೆ ಗುರುತು ಹಿಡಿದ್ರು" ಎಂದಳು. ನಿರ್ದೇಶಕರು ಎದ್ದು ಅಪ್ಪನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. "ಸಾಕು ಸರ್. ಇಷ್ಟು ಸಾಕು" ಎಂದರು.

ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಅಪ್ಪನಿಗೆ ಎಲ್ಲ ನೆನಪಿದೆ ಎಂದು ಆ ಕ್ಷಣ ನಾನೂ ಮುಕ್ಕಾಲು ಪಾಲು ನಂಬಿದೆ. ನಂಬಿದ್ದಕ್ಕೇ, ಪರೀಕ್ಷಿಸಿ ನೋಡಲು ಕೈ ಮುಂದಾಯಿತು. ಎದ್ದು ಹೋಗಿ ಲ್ಯಾಪ್‌ಟಾಪ್ ಮುಂದೆ ಕುಳಿತೆ.

"ಒಂದು ನಿಮಿಷ. ಇನ್ನೊಂದು ಚಿತ್ರ ಇದೆ" ಎಂದೆ.

ನನ್ನ ಗಂಡನಿಗೆ ನಾನೇನು ಮಾಡಲಿದ್ದೇನೆಂದು ತಕ್ಷಣ ತಿಳಿಯಿತು. "ಬೇಡ ಕಣೇ" ಎಂದ, ನನಗಷ್ಟೇ ಕೇಳುವ ಹಾಗೆ. ನಾನು ಒತ್ತಿಬಿಟ್ಟೆ.

ಪರದೆಯ ಮೇಲೆ ಎರಡು ಗೂನಿನ ಭುಗಿಲು ಮೂಡಿತು. ನಿರ್ದೇಶಕರು ಅಪ್ಪನ ಕೈ ಬಿಟ್ಟರು.

ಅಪ್ಪ ಮುಂದಕ್ಕೆ ಬಾಗಿದರು. ಬಾಯಿ ಸ್ವಲ್ಪ ತೆರೆಯಿತು. ಎಡಗೈಯ ಬೆರಳು ಮೊದಲ ಗೂನನ್ನು ಹತ್ತಿ ಇಳಿಯಿತು, ಎರಡನೆಯದರ ಬುಡದಲ್ಲಿ ನಿಂತಿತು. ಇನ್ನೊಂದಿದೆ ಎಂದು ಆಗಷ್ಟೇ ಕಂಡವರ ಹಾಗೆ ಅವರ ಹುಬ್ಬು ಮೇಲಕ್ಕೆ ಹೋಯಿತು. ಜೀವಮಾನದಲ್ಲಿ ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಕಂಡಿರಲಿಲ್ಲ. "ಹೌದು!" ಎಂದರು. ಕಣ್ಣೀರು ಕೆನ್ನೆಯ ಮೇಲೆ ಇಳಿಯಿತು. "ಹೌದು! ಹೌದು! ಹೌದು!"

ತಾವೇ ಕೂತು ಕೆತ್ತಿದ ಸುಳ್ಳನ್ನು ಅವರು ಆಕಾಶವೆಂದು ನೋಡುತ್ತಿದ್ದರು. ನನ್ನ ಗಂಡನ ಭುಗಿಲು ಉಪ್ಪೋ ಸಪ್ಪೆಯೋ ಇನ್ನು ಯಾರಿಗೂ ಎಂದೆಂದಿಗೂ ತಿಳಿಯುವುದಿಲ್ಲ ಎಂದು ಆಗ ನನಗೆ ಗೊತ್ತಾಯಿತು.

ಅಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಇದೂ ನಿಜಾನೇ ಅಲ್ವಾ?" ಎಂದು ನಿರ್ದೇಶಕರನ್ನು ಕೇಳಿದಳು. "ಇಷ್ಟು ಖುಷಿ ಪಡ್ತಿದಾರೆ."

ನಿರ್ದೇಶಕರು ನೆಲ ನೋಡುತ್ತಾ "ಇಲ್ಲಮ್ಮ. ಇದು ಅವರೇ ಮಾಡಿದ್ದು" ಎಂದರು.

ಅಮ್ಮ ಹಾಗೇ ನಿಂತಳು. ಅವಳ ಮುಖದ ಮೇಲಿದ್ದ ನಗು ಹೋಗಲು ಬಹಳ ಹೊತ್ತು ಹಿಡಿಯಿತು. ಹೇಳಲೇಬೇಕಾದದ್ದನ್ನು ಹೇಳಿ ಮುಗಿಸೋಣವೆಂದು ನಾನು ಬಾಯಿ ತೆರೆದೆ. "ಅಪ್ಪನ ಮಾತನ್ನ ಸಾಕ್ಷಿ ಅಂತ ತಗೋಬೇಡಿ. ಅವರಿಗೆ ಈಗ ಗೊತ್ತಾಗಲ್ಲ. ಪ್ರಬಂಧಕ್ಕೆ ನನ್ನ ಎಕ್ಸ್-ರೇ ಕೊಡೋಕಾಗಲ್ಲ." ದನಿ ನನ್ನದೇ ಎಂದು ನನಗೆ ಅನಿಸಲಿಲ್ಲ.

ಪರದೆಯ ಮೇಲಿದ್ದ ಅಪ್ಪನ ಬೆರಳು ನಿಂತಿತು. ಅವರು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ನನ್ನ ಕಡೆ ತಿರುಗಿದರು. ಮಾತು ಕಲಿಸುವ ಹೆಂಗಸು ಹೇಳಿದ್ದೇ ನಿಜ, ಅವರಿಗೆ ಎಷ್ಟು ಅರ್ಥವಾಯಿತೋ ಯಾರಿಗೂ ಹೇಳಲಾಗುವುದಿಲ್ಲ. ಆ ನೋಟವನ್ನು ಮಾತ್ರ ನಾನು ಮರೆಯಲಾರೆ.

ನನ್ನ ಗಂಡ ಬಂದು ಲ್ಯಾಪ್‌ಟಾಪಿನ ತಂತಿ ಕಿತ್ತ. ಪರದೆ ಕಪ್ಪಾಯಿತು. ಅವನು ನನ್ನನ್ನು ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ಲ್ಯಾಪ್‌ಟಾಪ್ ಮಡಚಿ, ಚೀಲಕ್ಕೆ ಹಾಕಿ, ಚೀಲದ ಜಿಪ್ಪನ್ನು ಪೂರ್ತಿ ಎಳೆದು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಅಮ್ಮ ಒಳಗೆ ಹೋಗಿ ಟೀ ಮಾಡಿದಳು. ಬಂದವರನ್ನು ಹಾಗೇ ಕಳಿಸುವುದು ಅವಳ ಜಾಯಮಾನದಲ್ಲಿಲ್ಲ. ಎಲ್ಲರಿಗೂ ಲೆಕ್ಕ ಹಾಕಿ ತಂದಿದ್ದಳು, ಅಪ್ಪನಿಗೆ ಹಿಡಿ ಇರುವ ದೊಡ್ಡ ಲೋಟದಲ್ಲಿ. ಟ್ರೇ ಕೆಳಗಿಟ್ಟವಳು ಎಂದೂ ಇಲ್ಲದಂತೆ ಅಪ್ಪನನ್ನು ಏನೂ ಕೇಳದೆ, ಯಾರ ಮುಖವನ್ನೂ ನೋಡದೆ, ಹಿತ್ತಲ ಕಡೆಗೆ ಹೊರಟುಹೋದಳು.

ನಿರ್ದೇಶಕರು ತಮ್ಮ ಲೋಟ ತೆಗೆದುಕೊಂಡು ಕುರ್ಚಿಗೆ ಪೂರ್ತಿ ಒರಗಿ ಕುಳಿತರು. ಆಮೇಲೆ ಆ ದೊಡ್ಡ ಲೋಟವನ್ನು ನೋಡಿ, ಅಪ್ಪನ ತಲೆಯ ಮೇಲಿಂದ ನನ್ನನ್ನು ಕೇಳಿದರು.

"ಅವರು ಟೀ ಕುಡೀತಾರಾ?"

"ಹೌದು" ಎಂದರು ಅಪ್ಪ.

ನಿರ್ದೇಶಕರು ಇನ್ನೂ ನನ್ನ ಉತ್ತರಕ್ಕಾಗಿ ಕಾಯುತ್ತಿದ್ದರು.